ಬ್ಯಾಟರಿ ಗ್ರಿಪ್ ಹಾಕಿದರೆ ಕ್ಯಾಮೆರಾ ಕೈಕೊಡುತ್ತಿದೆಯಾ? ದೋಷ ಹುಡುಕಲು ಸಮಗ್ರ ಮಾರ್ಗದರ್ಶಿ

ಬ್ಯಾಟರಿ ಗ್ರಿಪ್ ಅಂದರೆ ಕ್ಯಾಮೆರಾದ ತಳಕ್ಕೆ ಜೋಡಿಸುವ, ಹೆಚ್ಚುವರಿ ಬ್ಯಾಟರಿ ಹಿಡಿಯುವ ಹಿಡಿಕೆ. ಎರಡೂ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಗ್ರಿಪ್‌ಗೆ ಹಾಕಿದ್ದೀರಿ. ಸ್ವಿಚ್ ಆನ್ ಮಾಡಿದರೆ ಪರದೆ ಕಪ್ಪಗೇ ಇದೆ. ಅಥವಾ ಆನ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿದ ಕೂಡಲೇ ಸತ್ತು ಹೋಗುತ್ತದೆ. ಇನ್ನು ಕೆಲವರಿಗೆ ಬೇರೆ ತರದ ತೊಂದರೆ. ರಾತ್ರಿ ನೂರು ಪರ್ಸೆಂಟ್ ಇದ್ದ ಬ್ಯಾಟರಿ ಬೆಳಿಗ್ಗೆ ನೋಡಿದರೆ ಅರ್ಧಕ್ಕೆ ಇಳಿದಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಗ್ರಿಪ್ ಕೆಟ್ಟಿದೆ ಅಂತ ಮೂಲೆಗೆ ಎಸೆದು ಹೊಸದು ತರುತ್ತಾರೆ. ಹೊಸದರಲ್ಲೂ ಅದೇ ಕಾಟ ಬಂದಾಗ ಕ್ಯಾಮೆರಾ ಮೇಲೆ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ ಇದು. ನನ್ನ ಕೈಗೆ ಬಂದ ಗ್ರಿಪ್‌ಗಳಲ್ಲಿ ನಿಜವಾಗಿ ಒಳಗೆ ಸುಟ್ಟು ಹೋಗಿದ್ದವು ತೀರಾ ಕಡಿಮೆ. ಉಳಿದವುಗಳಲ್ಲಿ ಇದ್ದದ್ದು ಕೊಳೆ, ಸಡಿಲ, ಮುದಿ ಬ್ಯಾಟರಿ ಅಥವಾ ಮೆನುವಿನಲ್ಲಿ ಒಂದು ತಪ್ಪು ಸೆಟ್ಟಿಂಗ್. ಇವೆಲ್ಲ ಮನೆಯಲ್ಲೇ ಕೂತು ಸರಿ ಮಾಡುವಂಥವು. ಅದಕ್ಕೆ ಬೇಕಾದದ್ದು ತಾಳ್ಮೆ, ಜೊತೆಗೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವ ಅಭ್ಯಾಸ.

ಮೊದಲು ಕರೆಂಟ್ ಹೋಗುವ ದಾರಿ ತಿಳಿದುಕೊಳ್ಳಿ

ಗ್ರಿಪ್‌ಗಳಲ್ಲಿ ಎರಡು ಜಾತಿ. ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಜಾತಿಯಲ್ಲಿ ಕ್ಯಾಮೆರಾದ ಬ್ಯಾಟರಿ ತೆಗೆದು, ಬ್ಯಾಟರಿ ಗೂಡಿನ ಬಾಗಿಲನ್ನೂ ಕಳಚಿ, ಗ್ರಿಪ್‌ನ ಮೇಲೆ ಗೋಪುರದ ಹಾಗೆ ಎದ್ದು ನಿಂತ ಭಾಗವನ್ನು ಆ ಗೂಡಿನೊಳಗೆ ತೂರಿಸುತ್ತೇವೆ. ಈ ಭಾಗವನ್ನು ಇಲ್ಲಿ ಕಂಬ ಅಂತ ಕರೆಯೋಣ. ಕ್ಯಾನನ್‌ನ ಬಿಜಿ-ಇ ಸರಣಿಯ ಗ್ರಿಪ್‌ಗಳು ಹೀಗೇ ಇವೆ. 5ಡಿ ಮಾರ್ಕ್ 2ಕ್ಕೆ ಬಿಜಿ-ಇ6, ಮಾರ್ಕ್ 3ಕ್ಕೆ ಬಿಜಿ-ಇ11, ಮಾರ್ಕ್ 4ಕ್ಕೆ ಬಿಜಿ-ಇ20. ಸೋನಿಯ ಎ7 III, ಎ9 ಕ್ಯಾಮೆರಾಗಳ ವಿಜಿ-ಸಿ3ಇಎಂ ಕೂಡ ಇದೇ ತರ. ಇಲ್ಲಿ ಎರಡೂ ಬ್ಯಾಟರಿ ಗ್ರಿಪ್‌ನಲ್ಲೇ ಇರುತ್ತವೆ. ಕ್ಯಾಮೆರಾದೊಳಗೆ ಬ್ಯಾಟರಿ ಇರುವುದಿಲ್ಲ. ಹಾಗಾಗಿ ಗ್ರಿಪ್‌ನಿಂದ ಕ್ಯಾಮೆರಾಗೆ ಹೋಗುವ ದಾರಿ ಕಡಿದರೆ ಕ್ಯಾಮೆರಾ ಪೂರ್ತಿ ಸ್ತಬ್ಧ.

ಎರಡನೇ ಜಾತಿಯಲ್ಲಿ ಕ್ಯಾಮೆರಾದ ಬ್ಯಾಟರಿ ಒಳಗೇ ಉಳಿಯುತ್ತದೆ. ಕ್ಯಾಮೆರಾದ ತಳದಲ್ಲಿ ಸಣ್ಣ ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದರೆ ಕಾಂಟ್ಯಾಕ್ಟ್‌ಗಳು, ಅಂದರೆ ಕರೆಂಟ್ ದಾಟಲು ಒಂದಕ್ಕೊಂದು ತಾಗುವ ಲೋಹದ ತುಣುಕುಗಳು ಕಾಣುತ್ತವೆ. ಗ್ರಿಪ್ ಅಲ್ಲಿ ಬಂದು ಕೂರುತ್ತದೆ. ನಿಕಾನ್ ಡಿ300, ಡಿ700 ಬಳಸುವ ಎಂಬಿ-ಡಿ10, ಡಿ800 ಬಳಸುವ ಎಂಬಿ-ಡಿ12, ಡಿ850ಗೆ ಬರುವ ಎಂಬಿ-ಡಿ18 ಇವೆಲ್ಲ ಈ ಬಗೆಯವು. ಫ್ಯೂಜಿಫಿಲ್ಮ್ ಎಕ್ಸ್-ಟಿ3ರ ವಿಜಿ-ಎಕ್ಸ್‌ಟಿ3 ಗ್ರಿಪ್‌ನಲ್ಲಿ ಎರಡು, ಕ್ಯಾಮೆರಾದಲ್ಲಿ ಒಂದು, ಹೀಗೆ ಒಟ್ಟು ಮೂರು ಬ್ಯಾಟರಿ. ಈ ಜಾತಿಯಲ್ಲಿ ಒಂದು ಮೋಸ ಇದೆ. ಗ್ರಿಪ್ ಸತ್ತರೂ ಕ್ಯಾಮೆರಾ ಒಳಗಿನ ಬ್ಯಾಟರಿಯಲ್ಲೇ ಓಡುತ್ತಾ ಇರುತ್ತದೆ. ಗ್ರಿಪ್ ಕೆಲಸ ಮಾಡುತ್ತಿಲ್ಲ ಅನ್ನುವುದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ಎರಡರಲ್ಲೂ ದಾರಿ ಮಾತ್ರ ಒಂದೇ. ಬ್ಯಾಟರಿಯಿಂದ ಟ್ರೇ (ಬ್ಯಾಟರಿ ಕೂರಿಸಿ ಗ್ರಿಪ್‌ನೊಳಗೆ ತಳ್ಳುವ ತಟ್ಟೆ), ಟ್ರೇಯಿಂದ ಗ್ರಿಪ್‌ನ ಒಳಗಿನ ಸರ್ಕ್ಯೂಟ್, ಅಲ್ಲಿಂದ ಕಂಬದ ಅಥವಾ ತಳದ ಕಾಂಟ್ಯಾಕ್ಟ್, ಅಲ್ಲಿಂದ ಕ್ಯಾಮೆರಾ. ಪ್ರತಿ ಜೋಡಣೆಯಲ್ಲೂ ಲೋಹ ಲೋಹಕ್ಕೆ ತಾಗಬೇಕು. ನಾವು ಹುಡುಕುವುದು ಎಲ್ಲಿ ತಾಗುತ್ತಿಲ್ಲ ಅನ್ನುವುದನ್ನು.

ಕೈಗೆ ಬೇಕಾದ ಸಾಮಾನು

ಒಳ್ಳೆ ಟಾರ್ಚ್, ಭೂತಗನ್ನಡಿ, ಇಯರ್ ಬಡ್ಸ್, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಮರದ ಟೂತ್‌ಪಿಕ್, ಗಾಳಿ ಊದುವ ಬ್ಲೋವರ್. ಮಲ್ಟಿಮೀಟರ್ ಇದ್ದರೆ ತುಂಬ ಒಳ್ಳೆಯದು, ಸಾಧಾರಣದ್ದು ಸಾಕು. ಜೊತೆಗೆ ಒಂದು ಕಾಗದ, ಪೆನ್ನು. ಏನು ಮಾಡಿದಿರಿ, ಏನಾಯಿತು ಅಂತ ಬರೆದಿಡಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದರೆ ನಾಲ್ಕನೇ ಪರೀಕ್ಷೆಗೆ ಎಲ್ಲ ಕಲಸಿಹೋಗುತ್ತದೆ.

ಇನ್ನೊಂದು ಮಾತು. ಕ್ಯಾಮೆರಾದಲ್ಲಿ ಮುಖ್ಯವಾದ ಫೋಟೋ ಇರುವ ಮೆಮೊರಿ ಕಾರ್ಡ್ ಇದ್ದರೆ ಈಗಲೇ ತೆಗೆಯಿರಿ. ಕಾರ್ಡ್‌ಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಹಾಳಾಗಬಹುದು, ಕೆಲವೊಮ್ಮೆ ಕಾರ್ಡ್ ಓದಲಿಕ್ಕೇ ಬಾರದ ಹಾಗೆ ಆಗುತ್ತದೆ. ಪರೀಕ್ಷೆಗೆ ಖಾಲಿ ಕಾರ್ಡ್ ಹಾಕಿ.

ಹಂತ 1: ಲಕ್ಷಣ ಯಾವುದು ಅಂತ ಸರಿಯಾಗಿ ಗುರುತಿಸಿ

"ಗ್ರಿಪ್ ಸರಿ ಇಲ್ಲ" ಅನ್ನುವುದು ಲಕ್ಷಣ ಅಲ್ಲ. ಇದರಲ್ಲಿ ನಿಮ್ಮದು ಯಾವುದು ನೋಡಿ. ಒಂದು, ಆನ್ ಆಗುವುದೇ ಇಲ್ಲ. ಎರಡು, ಆನ್ ಆಗುತ್ತದೆ, ಆದರೆ ನಡುವೆ ಆಫ್ ಆಗುತ್ತದೆ. ಮೂರು, ಚೆನ್ನಾಗಿ ಓಡುತ್ತದೆ, ಚಾರ್ಜ್ ಮಾತ್ರ ಬೇಗ ಖಾಲಿ. ನಾಲ್ಕು, ಬ್ಯಾಟರಿ ಚಿಹ್ನೆ ತಪ್ಪು ತೋರಿಸುತ್ತದೆ ಅಥವಾ ಒಂದೇ ಬ್ಯಾಟರಿ ಇದೆ ಅನ್ನುತ್ತದೆ.

ಎರಡನೆಯದಾದರೆ ಯಾವಾಗ ಆಫ್ ಆಗುತ್ತದೆ ಅನ್ನುವುದು ತುಂಬ ಮುಖ್ಯ. ತಿರುಗಿಸಿದಾಗ, ಅಲ್ಲಾಡಿಸಿದಾಗ ಆದರೆ ಅದು ಸಡಿಲದ ದೋಷ. ಬಟನ್ ಒತ್ತಿ ಹಿಡಿದು ಒಂದೇ ಸಮನೆ ಸಾಲು ಫೋಟೋ ತೆಗೆದಾಗ (ಇದೇ ಬರ್ಸ್ಟ್), ಲೆನ್ಸ್ ಫೋಕಸ್ ಮಾಡುವಾಗ ಆದರೆ ಅದು ಬ್ಯಾಟರಿಯ ಶಕ್ತಿ ಸಾಲದೆ ಇರುವ ದೋಷ, ಅಥವಾ ಕೊಳೆ ಹಿಡಿದ ಕಾಂಟ್ಯಾಕ್ಟ್. ಆ ಹೊತ್ತಿನಲ್ಲಿ ಕ್ಯಾಮೆರಾ ಒಮ್ಮೆಗೇ ಜಾಸ್ತಿ ಕರೆಂಟ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲಾದರೂ ತಡೆ ಇದ್ದರೆ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ, ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ಕ್ಯಾಮೆರಾ ಆಫ್ ಆಗುತ್ತದೆ.

ಇಲ್ಲಿ ಒಂದು ಗೊಂದಲ ನಿವಾರಿಸಿಬಿಡೋಣ. ಗ್ರಿಪ್ ಮೇಲೆ ಇರುವ ಆನ್-ಆಫ್ ಸ್ವಿಚ್ ಕರೆಂಟ್‌ನದ್ದಲ್ಲ. ಅದು ಗ್ರಿಪ್‌ನ ಶಟರ್ ಬಟನ್, ಡಯಲ್‌ಗಳನ್ನು ಚಾಲೂ ಮಾಡುವ ಅಥವಾ ಬೀಗ ಹಾಕುವ ಸ್ವಿಚ್ ಅಷ್ಟೇ. ಅದನ್ನು ಆಫ್ ಮಾಡಿದರೂ ಕ್ಯಾಮೆರಾ ಓಡಬೇಕು. ಕ್ಯಾಮೆರಾ ಓಡುತ್ತಿದ್ದು ಗ್ರಿಪ್‌ನ ಬಟನ್ ಮಾತ್ರ ಕೆಲಸ ಮಾಡದಿದ್ದರೆ ಮೊದಲು ಈ ಸ್ವಿಚ್ ನೋಡಿ.

ಹಂತ 2: ಗ್ರಿಪ್ ತೆಗೆದು ಬರೀ ಕ್ಯಾಮೆರಾ ಓಡಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕ್ಯಾಮೆರಾ ಆಫ್ ಮಾಡಿ, ಗ್ರಿಪ್ ಬಿಚ್ಚಿ, ಕಳಚಿಟ್ಟ ಬಾಗಿಲು ಮತ್ತೆ ಕೂರಿಸಿ. ಕ್ಯಾನನ್‌ನ ಹಲವು ಗ್ರಿಪ್‌ಗಳಲ್ಲಿ ಆ ಬಾಗಿಲನ್ನು ಕಂಬದಲ್ಲೇ ಸಿಕ್ಕಿಸಿಡುವ ಜಾಗ ಇರುತ್ತದೆ, ಕಳೆದುಹೋಗಿದೆ ಅಂತ ಗಾಬರಿಯಾಗುವ ಮೊದಲು ಅಲ್ಲಿ ನೋಡಿ. ಈಗ ಒಂದು ಬ್ಯಾಟರಿ ಕ್ಯಾಮೆರಾದೊಳಗೆ ಹಾಕಿ ಐವತ್ತು ಫೋಟೋ ತೆಗೆಯಿರಿ. ಬರ್ಸ್ಟ್ ಹೊಡೆಯಿರಿ, ಫೋಕಸ್ ಮಾಡಿ, ಎರಡು ನಿಮಿಷ ವಿಡಿಯೊ ತೆಗೆಯಿರಿ.

ತೊಂದರೆ ಈಗಲೂ ಬಂದರೆ ಗ್ರಿಪ್ ನಿರಪರಾಧಿ. ದೋಷ ಬ್ಯಾಟರಿಯಲ್ಲಿ, ಕ್ಯಾಮೆರಾದಲ್ಲಿ ಅಥವಾ ಲೆನ್ಸ್‌ನಲ್ಲಿ ಇದೆ. ಲೆನ್ಸ್ ತೆಗೆದು ಬೇರೆ ಹಾಕಿ ನೋಡಿ. ತೊಂದರೆ ಬರದಿದ್ದರೆ ಎರಡನೇ ಬ್ಯಾಟರಿಯನ್ನೂ ಇದೇ ತರ ಕ್ಯಾಮೆರಾದೊಳಗೆ ಹಾಕಿ ಓಡಿಸಿ. ಎರಡೂ ಪಾಸ್ ಆದರೆ ಆಗ ಗ್ರಿಪ್ ಕಡೆ ತಿರುಗೋಣ.

ಕ್ಯಾನನ್‌ನ ಕೆಲವು ಹಳೆ ಕ್ಯಾಮೆರಾಗಳಲ್ಲಿ ಬ್ಯಾಟರಿ ತೆಗೆದಾಗಲೆಲ್ಲ ತಾರೀಖು ಅಳಿಸಿ ಹೋಗುವುದುಂಟು. ಅದು ಗ್ರಿಪ್‌ನ ತಪ್ಪಲ್ಲ. ಗಡಿಯಾರಕ್ಕೆ ಅಂತಲೇ ಪ್ರತ್ಯೇಕ ನಾಣ್ಯದಂಥ ಸೆಲ್ ಇರುತ್ತದೆ, 5ಡಿ ಮಾರ್ಕ್ 2ರಲ್ಲಿ ಅದು ಸಿಆರ್1616. ಅದು ಮುಗಿದಿದೆ ಅಂತ ಅರ್ಥ.

ಹಂತ 3: ಬ್ಯಾಟರಿಗಳ ಆರೋಗ್ಯ ನೋಡಿ

ಗ್ರಿಪ್ ಕೊಂಡವರು ಸಾಮಾನ್ಯವಾಗಿ ಮಾಡುವ ಕೆಲಸ ಏನೆಂದರೆ, ಕ್ಯಾಮೆರಾ ಜೊತೆ ಬಂದ ನಾಲ್ಕು ವರ್ಷದ ಬ್ಯಾಟರಿಗೆ ಹೊಸದೊಂದನ್ನು ಜೋಡಿ ಮಾಡುವುದು. ಹೊಸ ಎತ್ತಿಗೆ ಮುದಿ ಎತ್ತು ಕಟ್ಟಿದ ಗಾಡಿಯ ಹಾಗೆ ಅದು. ಹಳೆಯದು ಬೇಗ ಸುಸ್ತಾಗುತ್ತದೆ, ಚಾರ್ಜ್ ತೋರಿಸುವ ಲೆಕ್ಕ ತಪ್ಪುತ್ತದೆ.

ಕ್ಯಾಮೆರಾದ ಮೆನುವಿನಲ್ಲಿ ಬ್ಯಾಟರಿ ಮಾಹಿತಿಯ ಪುಟ ಇದೆಯಾ ನೋಡಿ. ಕ್ಯಾನನ್‌ನ ಎಲ್‌ಪಿ-ಇ6 ಬಳಗದ ಬ್ಯಾಟರಿಗೆ ರೀಚಾರ್ಜ್ ಸಾಮರ್ಥ್ಯವನ್ನು ಚೌಕಗಳಲ್ಲಿ ತೋರಿಸುತ್ತದೆ. ಮೂರು ಹಸಿರು ಇದ್ದರೆ ಗಟ್ಟಿಮುಟ್ಟು, ಎರಡು ಹಸಿರು ಅಂದರೆ ಸ್ವಲ್ಪ ಸವೆದಿದೆ, ಒಂದೇ ಕೆಂಪು ಅಂದರೆ ಬದಲಾಯಿಸುವ ಹೊತ್ತು. ನಿಕಾನ್ ಇದನ್ನೇ ಬ್ಯಾಟರಿಯ ವಯಸ್ಸು ಅಂತ 0ಯಿಂದ 4ರವರೆಗೆ ತೋರಿಸುತ್ತದೆ. 0 ಹೊಸದು, 4 ಬಂದರೆ ಆಯಸ್ಸು ಮುಗಿದಿದೆ. ಗ್ರಿಪ್‌ನಲ್ಲಿ ಎರಡು ಬ್ಯಾಟರಿ ಹಾಕಿದಾಗ ಈ ಪುಟ ಎರಡರದ್ದೂ ವಿವರ ಬೇರೆ ಬೇರೆ ತೋರಿಸುತ್ತದೆ. ಒಂದರದ್ದು ಮಾತ್ರ ಕಂಡರೆ, ಇನ್ನೊಂದು ಕ್ಯಾಮೆರಾದ ಜೊತೆ ಮಾತಾಡುತ್ತಿಲ್ಲ ಅಂತ ಗೊತ್ತಾಯಿತು ಅಲ್ವಾ?

ಮಾತಾಡುವುದು ಅಂದೆ, ಅದು ಸುಮ್ನೆ ಹೇಳಿದ್ದಲ್ಲ. ಈ ಬ್ಯಾಟರಿಗಳಲ್ಲಿ ಪ್ಲಸ್, ಮೈನಸ್ ಬಿಟ್ಟು ಇನ್ನೂ ಕಾಂಟ್ಯಾಕ್ಟ್‌ಗಳಿವೆ. ಒಂದು ಶಾಖ ಅಳೆಯುವುದಕ್ಕೆ, ಮತ್ತೊಂದು ಬ್ಯಾಟರಿಯೊಳಗಿನ ಚಿಪ್ ಕ್ಯಾಮೆರಾಗೆ ಮಾಹಿತಿ ಕೊಡುವುದಕ್ಕೆ. ಪ್ಲಸ್ ಮೈನಸ್ ಚೆನ್ನಾಗಿ ತಾಗಿ ಮಾಹಿತಿಯ ಕಾಂಟ್ಯಾಕ್ಟ್ ತಾಗದಿದ್ದರೆ ಕ್ಯಾಮೆರಾ ಬ್ಯಾಟರಿಯನ್ನು ಗುರುತಿಸದೆ ಹೋಗಬಹುದು, ಕೆಲವೊಮ್ಮೆ ಎಚ್ಚರಿಕೆ ಕೊಡಬಹುದು. ಬೇರೆ ಕಂಪನಿಯ ಬ್ಯಾಟರಿಗಳ ಚಿಪ್‌ನಲ್ಲೂ ಈ ಕಿರಿಕಿರಿ ಇರುತ್ತದೆ. ಕ್ಯಾಮೆರಾದ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಕ್ಯಾಮೆರಾ ಕಂಪನಿಯದೇ ಬ್ಯಾಟರಿ ಒಂದನ್ನು ಯಾರಿಂದಾದರೂ ಎರವಲು ತಂದು ಹಾಕಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಮಲ್ಟಿಮೀಟರ್ ಇದ್ದರೆ ಡಿಸಿ ವೋಲ್ಟ್‌ನಲ್ಲಿಟ್ಟು ಅಳೆಯಿರಿ. ಬ್ಯಾಟರಿ ಮೇಲೆ 7.2 ಅಥವಾ 7.0 ವೋಲ್ಟ್ ಅಂತ ಬರೆದಿದ್ದರೂ ಒಳಗೆ ಎರಡು ಲಿಥಿಯಂ ಅಯಾನ್ ಸೆಲ್ ಸಾಲಾಗಿರುತ್ತವೆ. ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್‌ಗೆ ಹತ್ತಿರ ತೋರಿಸಬೇಕು. ಚಾರ್ಜರ್‌ನಿಂದ ತೆಗೆದ ಕೂಡಲೇ 8 ವೋಲ್ಟ್‌ಗಿಂತ ಕೆಳಗಿದ್ದರೆ ಆ ಬ್ಯಾಟರಿ ಅಥವಾ ಚಾರ್ಜರ್ ಮೇಲೆ ಕಣ್ಣಿಡಿ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದ ಹಾಗೆ ಹಿಡಿಯಿರಿ, ಬ್ಯಾಟರಿ ಶಾರ್ಟ್ ಆದರೆ ಕಿಡಿ ಹಾರುತ್ತದೆ. ವೋಲ್ಟೇಜ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ಮುದಿ ಬ್ಯಾಟರಿ ಸುಮ್ನೆ ಕೂತಾಗ 8.3 ತೋರಿಸಿ, ಕೆಲಸ ಕೊಟ್ಟ ಕೂಡಲೇ ಕುಸಿಯುತ್ತದೆ. ಅದಕ್ಕೇ ಹಂತ 2ರ ಬರ್ಸ್ಟ್ ಪರೀಕ್ಷೆ ಬೇಕು.

ಉಬ್ಬಿದ ಬ್ಯಾಟರಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಮೇಜಿನ ಮೇಲೆ ಮಲಗಿಸಿದಾಗ ತೊಟ್ಟಿಲಿನ ಹಾಗೆ ಓಲಾಡಿದರೆ ಅದು ಉಬ್ಬಿದೆ. ಟ್ರೇಯಲ್ಲಿ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ತೂತಾದರೆ ಬೆಂಕಿ ಹತ್ತಬಹುದು. ನಿಧಾನವಾಗಿ ಕೈಯಲ್ಲಿ ಹೊರಗೆಳೆದು, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ. ಮತ್ತೆ ಚಾರ್ಜ್ ಮಾಡಬೇಡಿ.

ಹಂತ 4: ಗ್ರಿಪ್‌ನಲ್ಲಿ ಒಂದೊಂದೇ ಬ್ಯಾಟರಿ

ಕ್ಯಾನನ್ ಗ್ರಿಪ್‌ಗಳು ಟ್ರೇಯಲ್ಲಿ ಒಂದೇ ಬ್ಯಾಟರಿ ಇದ್ದರೂ ಓಡುತ್ತವೆ. ಇದು ನಮಗೆ ವರ. ಚೆನ್ನಾಗಿದೆ ಅಂತ ಗೊತ್ತಾದ ಒಂದೇ ಬ್ಯಾಟರಿಯನ್ನು ಮೊದಲು ಎಡಗಡೆ ಗೂಡಿಗೆ ಹಾಕಿ ನೋಡಿ, ಆಮೇಲೆ ಅದನ್ನೇ ಬಲಗಡೆಗೆ. ಎಡದಲ್ಲಿ ಓಡಿ ಬಲದಲ್ಲಿ ಓಡದಿದ್ದರೆ ದೋಷ ಬಲಗಡೆ ಗೂಡಿನ ಕಾಂಟ್ಯಾಕ್ಟ್‌ನಲ್ಲಿದೆ. ಇಡೀ ಗ್ರಿಪ್‌ನಲ್ಲಿ ಹುಡುಕಬೇಕಾದ ಜಾಗ ಹೆಬ್ಬೆರಳಿನಷ್ಟಕ್ಕೆ ಇಳಿಯಿತು.

ನಿಕಾನ್ ತರದ ಗ್ರಿಪ್ ಆದರೆ ಕ್ಯಾಮೆರಾದೊಳಗಿನ ಬ್ಯಾಟರಿ ತೆಗೆದು, ಗ್ರಿಪ್‌ನದ್ದು ಮಾತ್ರ ಇಟ್ಟು ಆನ್ ಮಾಡಿ. ಓಡದಿದ್ದರೆ ಗ್ರಿಪ್‌ನಿಂದ ಕರೆಂಟ್ ಬರುತ್ತಲೇ ಇಲ್ಲ.

ಟ್ರೇ ಪೂರ್ತಿ ಒಳಗೆ ಹೋಗಿ ಲಾಕ್ ಆಗಿದೆಯಾ ನೋಡಿ. ಬ್ಯಾಟರಿ ಕೂರಿಸುವಾಗ ಟಕ್ ಅಂತ ಶಬ್ದ ಬರಬೇಕು. ತಳಕ್ಕೆ ಟ್ರೈಪಾಡ್ ಪ್ಲೇಟ್ ಅಥವಾ ಎಲ್ ಬ್ರ್ಯಾಕೆಟ್ (ಎಲ್ ಆಕಾರದ ಟ್ರೈಪಾಡ್ ಪ್ಲೇಟ್) ಹಾಕಿದ್ದರೆ ಅದನ್ನೂ ತೆಗೆದು ಪರೀಕ್ಷಿಸಿ. ಕೆಲವು ಪ್ಲೇಟ್‌ಗಳು ಟ್ರೇಯ ಮುಚ್ಚಳವನ್ನು ಒತ್ತಿ ಕೂದಲೆಳೆಯಷ್ಟು ಸರಿಸುತ್ತವೆ, ಅಷ್ಟೇ ಸಾಕು ಕಾಂಟ್ಯಾಕ್ಟ್ ತಪ್ಪಲಿಕ್ಕೆ.

ಹಂತ 5: ಕಾಂಟ್ಯಾಕ್ಟ್‌ಗಳು. ಹೆಚ್ಚಿನ ದೋಷ ಇರುವುದು ಇಲ್ಲೇ

ಸ್ನೇಹಿತರೊಬ್ಬರ ಗ್ರಿಪ್ ನನ್ನ ಹತ್ತಿರ ಮೂರು ವಾರ ಇತ್ತು. ಕ್ಯಾಮೆರಾ ಅಡ್ಡ ಹಿಡಿದರೆ ಓಡುತ್ತಿತ್ತು, ಉದ್ದ ಹಿಡಿದರೆ ಆಫ್. ಬ್ಯಾಟರಿ ಬದಲಾಯಿಸಿದೆ, ಸ್ಕ್ರೂ ಬಿಗಿ ಮಾಡಿದೆ, ಕಾಂಟ್ಯಾಕ್ಟ್ ಎಲ್ಲ ಒರೆಸಿದೆ. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಒಂದು ಸಂಜೆ ದೀಪ ಆರಿಸಿ, ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಕಂಬದ ತುದಿ ನೋಡಿದೆ. ಸಾಲಾಗಿ ನಿಂತ ಬಂಗಾರದ ಬಣ್ಣದ ಪಿನ್‌ಗಳು. ಓರೆ ಬೆಳಕಿಗೆ ಪ್ರತಿ ಪಿನ್‌ನ ನೆರಳು ಪಕ್ಕಕ್ಕೆ ಬಿದ್ದಿತ್ತು. ತುದಿಯಲ್ಲಿದ್ದ ಒಂದರ ನೆರಳು ಮಾತ್ರ ಗಿಡ್ಡ. ಟೂತ್‌ಪಿಕ್‌ನಿಂದ ಮೆಲ್ಲಗೆ ಒತ್ತಿದೆ. ಉಳಿದವು ಕೆಳಗೆ ಹೋಗಿ ಪುಟಕ್ಕನೆ ಮೇಲೆ ಬಂದವು. ಇದು ಕೆಳಗೆ ಹೋಗಿ ಅಲ್ಲೇ ಕೂತಿತು. ಪಿನ್‌ನ ಸುತ್ತ ಕಪ್ಪು ಜಿಗುಟು, ಧೂಳು ಮತ್ತು ಕೈಯ ಜಿಡ್ಡು ಸೇರಿ ಗಟ್ಟಿಯಾದದ್ದು. ಟೂತ್‌ಪಿಕ್ ತುದಿಯಿಂದ ಒಂದೇ ಹನಿ ಆಲ್ಕೋಹಾಲ್ ಬಿಟ್ಟು ಹತ್ತು ಹದಿನೈದು ಸಲ ಒತ್ತಿ ಬಿಟ್ಟೆ. ಮೊದಲು ಸೋಮಾರಿಯ ಹಾಗೆ ಎದ್ದಿತು, ಆಮೇಲೆ ಉಳಿದವುಗಳ ಸಮಕ್ಕೆ ನಿಂತಿತು. ಆ ದಿನದಿಂದ ಗ್ರಿಪ್ ಸರಿಯಾಗಿ ಓಡುತ್ತಿದೆ. ಒರೆಸುವುದು ಬೇರೆ, ಪಿನ್ ಜಿಗಿಯುತ್ತದೆಯಾ ಅಂತ ಒತ್ತಿ ನೋಡುವುದು ಬೇರೆ ಅಂತ ಅವತ್ತು ಕಲಿತೆ.

ನೀವೂ ಹೀಗೇ ಮಾಡಿ. ಎಲ್ಲ ಬ್ಯಾಟರಿ ಹೊರಗೆ ತೆಗೆದ ಮೇಲೆ ಮಾತ್ರ ಶುರು ಮಾಡಿ. ನೋಡಬೇಕಾದ ಜಾಗಗಳು ನಾಲ್ಕು: ಬ್ಯಾಟರಿಯ ಕಾಂಟ್ಯಾಕ್ಟ್, ಟ್ರೇಯ ಕಾಂಟ್ಯಾಕ್ಟ್, ಗ್ರಿಪ್‌ನಿಂದ ಕ್ಯಾಮೆರಾಗೆ ಹೋಗುವ ಕಾಂಟ್ಯಾಕ್ಟ್, ಕ್ಯಾಮೆರಾದ ಗೂಡಿನೊಳಗಿನ ಕಾಂಟ್ಯಾಕ್ಟ್. ಟ್ರೇ ಇದ್ದರೆ ಅದರ ಹೊರಮೈಯಲ್ಲೂ ಗ್ರಿಪ್‌ಗೆ ತಾಗುವ ಪಟ್ಟಿಗಳಿರುತ್ತವೆ, ಅದನ್ನು ಎಲ್ಲರೂ ಮರೆಯುತ್ತಾರೆ. ಮೊದಲು ಬ್ಲೋವರ್‌ನಿಂದ ಧೂಳು ಊದಿ. ಇಯರ್ ಬಡ್ ತುದಿಗೆ ಸ್ವಲ್ಪ ಆಲ್ಕೋಹಾಲ್ ಹಚ್ಚಿ. ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಒಂದೇ ದಿಕ್ಕಿನಲ್ಲಿ ಒರೆಸಿ. ಬಡ್ ಕಪ್ಪಾದರೆ ಎಸೆದು ಹೊಸದು ತೆಗೆದುಕೊಳ್ಳಿ. ಹತ್ತಿಯ ಎಳೆ ಪಿನ್‌ಗೆ ಸಿಕ್ಕಿಕೊಂಡಿಲ್ಲ ಅಂತ ನೋಡಿ. ಪೂರ್ತಿ ಒಣಗಲು ಹತ್ತು ನಿಮಿಷ ಬಿಡಿ.

ಉಪ್ಪು ಕಾಗದ, ಚಾಕು, ಉಗುರು ಉಜ್ಜುವ ಅರ ಬೇಡವೇ ಬೇಡ. ಕಾಂಟ್ಯಾಕ್ಟ್ ಮೇಲೆ ತೆಳುವಾದ ಚಿನ್ನದ ಲೇಪ ಇರುತ್ತದೆ. ಒಮ್ಮೆ ಕೆರೆದರೆ ಕೆಳಗಿನ ಲೋಹ ಬಯಲಾಗಿ ಪದೇ ಪದೇ ಕಿಲುಬು ಹಿಡಿಯುತ್ತದೆ. ಬ್ಯಾಟರಿಯ ಚಪ್ಪಟೆ ಕಾಂಟ್ಯಾಕ್ಟ್ ಮೇಲೆ ಮೊಂಡು ಕಲೆ ಇದ್ದರೆ ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರ್‌ನಿಂದ ಎರಡು ಸಲ ಸವರಬಹುದು. ಅದರ ಪುಡಿ ಗ್ರಿಪ್‌ನೊಳಗೆ ಬೀಳಬಾರದು, ದೂರ ಕೂತು ಮಾಡಿ.

ಟ್ರೇಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಎಎ ಸೆಲ್ (ಪೆನ್ಸಿಲ್ ಸೆಲ್, ಕೆಲವು ಗ್ರಿಪ್‌ಗಳಲ್ಲಿ ಬ್ಯಾಟರಿ ಬದಲು ಇದನ್ನೂ ಹಾಕಬಹುದು) ಸೋರಿದ ಗುರುತು. ಬಿಳಿ ಪುಡಿಗೆ ವಿನಿಗರ್ ಹಚ್ಚಿದ ಬಡ್‌ನಿಂದ ಒರೆಸಿ, ಆಮೇಲೆ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಕೈಗೆ ಗ್ಲೌಸ್ ಇರಲಿ. ಸ್ಪ್ರಿಂಗ್ ತಿಂದು ಹೋಗಿದ್ದರೆ ಟ್ರೇ ಬದಲಾಯಿಸುವುದೇ ಸರಿ, ಹಲವು ಗ್ರಿಪ್‌ಗಳಿಗೆ ಬರೀ ಟ್ರೇ ಪ್ರತ್ಯೇಕವಾಗಿ ಸಿಗುತ್ತದೆ.

ಹಂತ 6: ಬಾಗಿಲಿನ ಸಣ್ಣ ಸ್ವಿಚ್

ಇದು ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ. ಹಲವು ಕ್ಯಾಮೆರಾಗಳಲ್ಲಿ ಬ್ಯಾಟರಿ ಬಾಗಿಲು ಮುಚ್ಚಿದೆಯಾ ಅಂತ ತಿಳಿಯಲು ಗೂಡಿನ ಅಂಚಿನಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಬಾಗಿಲು ಮುಚ್ಚಿದಾಗ ಬಾಗಿಲಿನ ಅಂಚು ಅದನ್ನು ಒತ್ತುತ್ತದೆ. ಕಂಬ ಇರುವ ಗ್ರಿಪ್ ಹಾಕಿದಾಗ ಬಾಗಿಲು ಇರುವುದಿಲ್ಲವಲ್ಲ, ಅದಕ್ಕೆ ಗ್ರಿಪ್‌ನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಮೊಳೆ ಆ ಕೆಲಸ ಮಾಡುತ್ತದೆ. ಆ ಮೊಳೆ ಮುರಿದಿದ್ದರೆ, ಸವೆದು ಗಿಡ್ಡವಾಗಿದ್ದರೆ, ಬ್ಯಾಟರಿ ಎಷ್ಟೇ ತುಂಬಿದ್ದರೂ ಕ್ಯಾಮೆರಾ ಬಾಗಿಲು ತೆರೆದಿದೆ ಅಂದುಕೊಂಡು ಆನ್ ಆಗುವುದಿಲ್ಲ. ಗ್ರಿಪ್ ತೆಗೆದು ಗೂಡಿನ ಅಂಚಿಗೆ ಟಾರ್ಚ್ ಹಾಕಿ ಸ್ವಿಚ್ ಎಲ್ಲಿದೆ ನೋಡಿ. ಗ್ರಿಪ್‌ನಲ್ಲಿ ಅದಕ್ಕೆ ಎದುರಾಗಿ ಇರುವ ಮೊಳೆ ನೇರವಾಗಿ, ಗಟ್ಟಿಯಾಗಿ ನಿಂತಿದೆಯಾ ಪರೀಕ್ಷಿಸಿ.

ಮಾದರಿ ತಪ್ಪಾದರೂ ಹೀಗೇ ಆಗುತ್ತದೆ. ಒಂದು ಮಾದರಿಯ ಗ್ರಿಪ್ ಇನ್ನೊಂದಕ್ಕೆ ಕೂತ ಹಾಗೆ ಕಂಡರೂ ಪಿನ್ ಒಂದು ಮಿಲಿಮೀಟರ್ ಆಚೀಚೆ ಇರಬಹುದು. ಒತ್ತಿ ಕೂರಿಸಬೇಡಿ. ಗ್ರಿಪ್ ಮೇಲಿನ ಹೆಸರನ್ನು ಕ್ಯಾಮೆರಾದ ಕೈಪಿಡಿಯೊಂದಿಗೆ ತಾಳೆ ನೋಡಿ.

ಹಂತ 7: ಬಿಗಿ ಮಾಡುವ ಚಕ್ರ

ಗ್ರಿಪ್ ಅನ್ನು ಕ್ಯಾಮೆರಾಗೆ ಹಿಡಿದಿಡುವುದು ಒಂದೇ ಸ್ಕ್ರೂ, ಅದನ್ನು ತಿರುಗಿಸುವುದು ಗ್ರಿಪ್ ಮೇಲಿನ ಚಕ್ರದಿಂದ. ಕ್ಯಾಮೆರಾ ಹೊತ್ತು ಓಡಾಡುವಾಗ, ಗ್ರಿಪ್‌ಗೆ ಪಟ್ಟಿ ಕಟ್ಟಿ ನೇತು ಹಾಕಿದಾಗ ಅದು ನಿಧಾನಕ್ಕೆ ಸಡಿಲ ಆಗುತ್ತದೆ. ಅರ್ಧ ಸುತ್ತು ಸಡಿಲವಾದರೆ ಸಾಕು, ತಿರುಗಿಸಿದಾಗ ಕರೆಂಟ್ ಹೋಗುತ್ತದೆ. ಕ್ಯಾಮೆರಾ ಆಫ್ ಮಾಡಿ, ಗ್ರಿಪ್ ಮತ್ತು ಕ್ಯಾಮೆರಾ ನಡುವೆ ಬೆಳಕು ಹಾಯುತ್ತದೆಯಾ ನೋಡಿ, ಬೆರಳಲ್ಲಿ ಎಷ್ಟು ಬರುತ್ತದೋ ಅಷ್ಟು ಬಿಗಿ ಮಾಡಿ. ಇಕ್ಕಳ ಹಾಕಬೇಡಿ. ಅಗ್ಗದ ಕೆಲವು ಗ್ರಿಪ್‌ಗಳಲ್ಲಿ ತೀರಾ ಬಿಗಿ ಮಾಡಿದರೆ ಪ್ಲಾಸ್ಟಿಕ್ ಮೈ ಬಾಗಿ ಪಿನ್ ಆಚೆ ಸರಿಯುತ್ತದೆ. ಅಂಥದ್ದರಲ್ಲಿ ಪೂರ್ತಿ ಬಿಗಿ ಮಾಡಿ ಕಾಲು ಸುತ್ತು ಹಿಂದೆ ಬಿಟ್ಟು ನೋಡಿ. ಆಗ ಮಾತ್ರ ಓಡಿದರೆ ಗ್ರಿಪ್‌ನ ಮೈ ಸೊಟ್ಟಗಿದೆ ಅಂತ ಅರ್ಥ, ನಂಬಿಕೊಂಡು ಕೆಲಸಕ್ಕೆ ಒಯ್ಯಬೇಡಿ.

ಹಂತ 8: ಮೆನು ಮತ್ತು ಎಎ ಸೆಲ್

ನಿಕಾನ್ ಇರುವವರು ಇಲ್ಲಿ ನಿಲ್ಲಿ. ಕಸ್ಟಮ್ ಸೆಟ್ಟಿಂಗ್‌ನಲ್ಲಿ ಗ್ರಿಪ್ ಬ್ಯಾಟರಿಯ ಬಗೆ ಅಂತ ಒಂದು ಆಯ್ಕೆ ಇದೆ. ಎಎ ಸೆಲ್ ಹಾಕುವಾಗ ಅದು ಯಾವ ಬಗೆಯದು ಅಂತ ಹೇಳಬೇಕು: ಎಲ್ಆರ್6 ಅಂದರೆ ಆಲ್ಕಲೈನ್, ಎಚ್ಆರ್6 ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್, ಎಫ್ಆರ್6 ಅಂದರೆ ಲಿಥಿಯಂ. ತಪ್ಪು ಹಾಕಿದರೆ ತುಂಬಿದ ಸೆಲ್‌ಗಳನ್ನೂ ಕ್ಯಾಮೆರಾ ಖಾಲಿ ಅನ್ನುತ್ತದೆ. ಯಾವ ಬ್ಯಾಟರಿ ಮೊದಲು ಬಳಸಬೇಕು ಅನ್ನುವ ಆಯ್ಕೆಯೂ ಅಲ್ಲೇ ಇದೆ. ಕ್ಯಾಮೆರಾದ ಬ್ಯಾಟರಿ ಮೊದಲು ಅಂತ ಇಟ್ಟು, ಗ್ರಿಪ್‌ನ ಬ್ಯಾಟರಿ ಇಳಿಯುತ್ತಲೇ ಇಲ್ಲ ಅಂತ ಚಿಂತೆ ಮಾಡಿದವರನ್ನು ನೋಡಿದ್ದೇನೆ.

ಗ್ರಿಪ್ ಹಾಕಿದರೂ ವೇಗ ಜಾಸ್ತಿ ಆಗಲಿಲ್ಲ ಅನ್ನುವುದೂ ಇಲ್ಲಿಯದೇ ವಿಷಯ. ಡಿ700 ತಾನಾಗಿ ಸೆಕೆಂಡಿಗೆ 5 ಫೋಟೋ ತೆಗೆಯುತ್ತದೆ. ಎಂಬಿ-ಡಿ10ರಲ್ಲಿ ಇಎನ್-ಇಎಲ್4ಎ ಅನ್ನುವ ದೊಡ್ಡ ಬ್ಯಾಟರಿ ಅಥವಾ ಎಂಟು ಎಎ ಸೆಲ್ ಹಾಕಿದರೆ ಮಾತ್ರ 8ಕ್ಕೆ ಏರುತ್ತದೆ. ಮಾಮೂಲಿ ಇಎನ್-ಇಎಲ್3ಇ ಬ್ಯಾಟರಿ ಹಾಕಿದರೆ 5ರಲ್ಲೇ ಇರುತ್ತದೆ. ಡಿ850 ಕೂಡ 7ರಿಂದ 9ಕ್ಕೆ ಹೋಗಲು ದೊಡ್ಡ ಇಎನ್-ಇಎಲ್18ಬಿ ಬೇಕು. ಅದು ದೋಷ ಅಲ್ಲ.

ಎಎ ಸೆಲ್ ಬಗ್ಗೆ ನನ್ನ ಅಭಿಪ್ರಾಯ ನೇರ: ಅದು ಆಪತ್ಕಾಲಕ್ಕೆ ಮಾತ್ರ. ಆಲ್ಕಲೈನ್ ಸೆಲ್ ಒಮ್ಮೆಗೇ ಜಾಸ್ತಿ ಕರೆಂಟ್ ಕೊಡಲಾರದು, ಹತ್ತಿಪ್ಪತ್ತು ಫೋಟೋಗೆ ಏದುಸಿರು ಬಿಡುತ್ತದೆ. ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಎಷ್ಟೋ ವಾಸಿ. ಎಲ್ಲ ಸೆಲ್ ಒಂದೇ ಬಗೆ, ಒಂದೇ ವಯಸ್ಸು, ಒಟ್ಟಿಗೆ ಚಾರ್ಜ್ ಆದದ್ದು ಇರಬೇಕು. ಸಾಲಿನಲ್ಲಿ ಒಂದು ಸುಸ್ತಾದರೆ ಇಡೀ ಸಾಲು ನಿಲ್ಲುತ್ತದೆ. ಒಂದೇ ಒಂದು ಸೆಲ್ ತಿರುಗುಮುರುಗಾಗಿ ಕೂತಿದ್ದರೂ ಅಷ್ಟೇ, ಟ್ರೇಯ ಮೇಲಿನ ಗುರುತು ನೋಡಿ ಹಾಕಿ.

ಇಲ್ಲಿ ಒಂದು ಅಪಾಯ ಕಣ್ಣಿಗೆ ಎಣ್ಣೆ ಬಿಟ್ಟು ಗಮನಿಸಿ. 14500 ಅನ್ನುವ ಲಿಥಿಯಂ ಅಯಾನ್ ಸೆಲ್ ನೋಡಲಿಕ್ಕೆ ಥೇಟ್ ಎಎ ಸೆಲ್. ಆದರೆ ಒಂದೊಂದೂ 3.7 ವೋಲ್ಟ್. ಆರು ಹಾಕಿದರೆ 22 ವೋಲ್ಟ್ ದಾಟುತ್ತದೆ. 9 ವೋಲ್ಟ್‌ನ ಆಸುಪಾಸಿಗೆ ಮಾಡಿದ ಜಾಗಕ್ಕೆ ಅಷ್ಟು ಹೋದರೆ ಕ್ಯಾಮೆರಾ ಸುಡುತ್ತದೆ. ನಿಕಲ್ ಜಿಂಕ್ ಸೆಲ್‌ಗಳ ವೋಲ್ಟೇಜ್ ಕೂಡ ಸಾಮಾನ್ಯ ಎಎಗಿಂತ ಹೆಚ್ಚು, ಅವನ್ನೂ ಹಾಕಬೇಡಿ.

ಹಂತ 9: ಚಾರ್ಜ್ ಸುಮ್ನೆ ಸೋರಿ ಹೋಗುತ್ತಿದ್ದರೆ

ಇದಕ್ಕೆ ಮೂರು ರಾತ್ರಿ ಬೇಕು. ಮೊದಲ ರಾತ್ರಿ ಗ್ರಿಪ್ ಸಮೇತ ಕ್ಯಾಮೆರಾ ಆಫ್ ಮಾಡಿ ಇಟ್ಟು, ಪರ್ಸೆಂಟ್ ಬರೆದಿಡಿ. ಎರಡನೇ ರಾತ್ರಿ ಗ್ರಿಪ್ ಇಲ್ಲದೆ ಅದೇ ಬ್ಯಾಟರಿ ಕ್ಯಾಮೆರಾದಲ್ಲಿ. ಮೂರನೇ ರಾತ್ರಿ ಬ್ಯಾಟರಿ ಹೊರಗೆ. ಮೊದಲನೆಯದರಲ್ಲಿ ಮಾತ್ರ ಇಳಿದರೆ ಗ್ರಿಪ್ ಕದಿಯುತ್ತಿದೆ. ಎರಡರಲ್ಲೂ ಇಳಿದರೆ ಕ್ಯಾಮೆರಾ. ಮೂರರಲ್ಲೂ ಇಳಿದರೆ ಬ್ಯಾಟರಿಯೇ ಸವೆದಿದೆ.

ಕ್ಯಾಮೆರಾ ಅಂತ ಬಂದರೆ ಜಿಪಿಎಸ್ ನೋಡಿ. ಕ್ಯಾನನ್ 6ಡಿಯಲ್ಲಿ ಜಿಪಿಎಸ್ ಆನ್ ಇದ್ದರೆ ಕ್ಯಾಮೆರಾ ಆಫ್ ಮಾಡಿದ ಮೇಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಬ್ಲೂಟೂತ್, ವೈಫೈಯನ್ನೂ ಬಂದ್ ಮಾಡಿ ನೋಡಿ. ಗ್ರಿಪ್ ಅಂತ ಬಂದರೆ ಅದರ ಶಟರ್ ಬಟನ್ ಅರ್ಧ ಒತ್ತಿಕೊಂಡೇ ಕೂತಿದೆಯಾ ಪರೀಕ್ಷಿಸಿ. ಕ್ಯಾಮೆರಾ ಆನ್ ಮಾಡಿ ಮೇಜಿನ ಮೇಲಿಡಿ, ಮುಟ್ಟಬೇಡಿ. ಕೆಲವು ಸೆಕೆಂಡಿನಲ್ಲಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮಲಗಬೇಕು, ಅಂದರೆ ಆರಬೇಕು. ಮಲಗದಿದ್ದರೆ ಗ್ರಿಪ್‌ನ ಬಟನ್‌ಗೆ ಬೀಗ ಹಾಕಿ ನೋಡಿ. ಆಗ ಮಲಗಿದರೆ ಕಳ್ಳ ಸಿಕ್ಕಿದ. ಬಟನ್ ಸುತ್ತ ಅಂಟು, ಮರಳು ಸಿಕ್ಕಿರುತ್ತದೆ, ಶುಚಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಚಳಿಯಲ್ಲಿ ಬೇಗ ಖಾಲಿಯಾದ ಹಾಗೆ ಕಂಡರೆ ಅದು ಸೋರಿಕೆ ಅಲ್ಲ. ಬ್ಯಾಟರಿ ಬೆಚ್ಚಗಾದ ಮೇಲೆ ಚಾರ್ಜ್ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಂತ 10: ಮೀಟರಿನಿಂದ ಗ್ರಿಪ್ ಪರೀಕ್ಷೆ, ಆಮೇಲೆ ರಿಪೇರಿ

ಗ್ರಿಪ್ ಕ್ಯಾಮೆರಾದಿಂದ ಹೊರಗಿರುವಾಗ ತುಂಬಿದ ಬ್ಯಾಟರಿ ಹಾಕಿ, ಕಂಬದ ಪ್ಲಸ್ ಮೈನಸ್ ಪಿನ್‌ಗೆ ಮೀಟರ್ ಹಿಡಿಯಿರಿ. ಬ್ಯಾಟರಿಯಷ್ಟೇ ವೋಲ್ಟ್ ಬಂದು, ಟ್ರೇ ಮೆಲ್ಲಗೆ ಅಲ್ಲಾಡಿಸಿದರೂ ಅಂಕಿ ಕದಲದಿದ್ದರೆ ಗ್ರಿಪ್‌ನ ಒಳದಾರಿ ಹೆಚ್ಚಾಗಿ ಸರಿ ಇದೆ, ಕ್ಯಾಮೆರಾಗೆ ತಾಗುವ ಜಾಗ ಮತ್ತೆ ನೋಡಿ. ಅಂಕಿ ಕುಣಿದರೆ ಟ್ರೇಯ ಸ್ಪ್ರಿಂಗ್ ಸಡಿಲ. ಸೊನ್ನೆ ಬಂದರೆ ಒಳಗೆ ಫ್ಯೂಸ್, ವೈರ್ ಅಥವಾ ಸರ್ಕ್ಯೂಟ್ ಹೋಗಿರಬಹುದು. ಆದರೆ ಕೆಲವು ಗ್ರಿಪ್‌ಗಳ ಸರ್ಕ್ಯೂಟ್ ಕ್ಯಾಮೆರಾ ಸಿಗುವವರೆಗೆ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಸೊನ್ನೆ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಅದೇ ಮಾದರಿಯ ಇನ್ನೊಂದು ಕ್ಯಾಮೆರಾ ಯಾರ ಹತ್ತಿರ ಇದ್ದರೂ ಅದಕ್ಕೆ ನಿಮ್ಮ ಗ್ರಿಪ್ ಹಾಕಿ ನೋಡುವುದು ಮೀಟರಿಗಿಂತ ಒಳ್ಳೆಯ ಸಾಕ್ಷಿ.

ಸೋಲ್ಡರಿಂಗ್ ಬಲ್ಲವರು ವಾರಂಟಿ ಮುಗಿದ ಗ್ರಿಪ್ ಬಿಚ್ಚಬಹುದು. ಕ್ಯಾಮೆರಾವನ್ನು ಮಾತ್ರ ಬಿಚ್ಚಬೇಡಿ. ಒಳಗೆ ಫ್ಲ್ಯಾಶ್ ಇರುವ ಕ್ಯಾಮೆರಾಗಳಲ್ಲಿ ಅದರ ಕೆಪ್ಯಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ಹೊಡೆಯುತ್ತದೆ. ಬೇರೆ ಗ್ರಿಪ್ ಹಾಕಿದರೂ ಅದೇ ತೊಂದರೆ, ಬರೀ ಬ್ಯಾಟರಿ ಹಾಕಿದರೂ ಅದೇ ತೊಂದರೆ ಅಂದರೆ ಸರ್ವಿಸ್ ಕೇಂದ್ರಕ್ಕೆ ಕೊಡಿ. ನೀವು ಬರೆದಿಟ್ಟ ಕಾಗದವನ್ನೂ ಜೊತೆಗೆ ಕೊಡಿ. ಏನೇನು ಪರೀಕ್ಷೆ ಆಗಿದೆ ಅಂತ ಗೊತ್ತಿದ್ದರೆ ಅವರಿಗೂ ಹುಡುಕುವುದು ಸಲೀಸು.

ಸರಿ ಹೋಯಿತು ಅನಿಸಿದ ಮೇಲೆ ಮುಖ್ಯ ಕೆಲಸಕ್ಕೆ ಒಯ್ಯುವ ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಕಾರ್ಡ್ ಹಾಕಿ, ನಿಮ್ಮ ಅತಿ ಭಾರದ ಲೆನ್ಸ್ ಹಾಕಿ, 200 ಫೋಟೋ ತೆಗೆಯಿರಿ. ಅಡ್ಡ, ಉದ್ದ, ತಲೆಕೆಳಗು, ಹೀಗೆ ತಿರುಗಿಸುತ್ತಾ ಗ್ರಿಪ್‌ನ ಶಟರ್ ಬಟನ್‌ನಿಂದಲೇ ಬರ್ಸ್ಟ್ ಹೊಡೆಯಿರಿ. ಒಂದು ಸಲವೂ ಪರದೆ ಮಿಟುಕದಿದ್ದರೆ ಪಾಸ್. ಒಮ್ಮೆ ಮಿಟುಕಿದರೂ ಹಂತ 5ಕ್ಕೆ ವಾಪಸ್ ಹೋಗಿ, ಟಾರ್ಚ್ ಓರೆಯಾಗಿ ಹಿಡಿದು ಪಿನ್‌ಗಳ ನೆರಳನ್ನು ಇನ್ನೊಮ್ಮೆ ನೋಡಿ.